ಮಲೆನಾಡಿನ ಮಕ್ಕಳ ಮನಸ್ಸಿನ ಕೆಲಸಕ್ಕೆ ದಾನನಿಧಿ ತರುವುದು ಹೇಗೆ? ಒಂದು ತಾಲ್ಲೂಕಿನ ಅಳತೆಯ ಮಾರ್ಗದರ್ಶಿ

ನಮ್ಮ ಪುಟ್ಟ ಟ್ರಸ್ಟಿನ ಮೊದಲ ಅರ್ಜಿ ಹದಿನಾಲ್ಕು ಪುಟವಿತ್ತು. ಜಗತ್ತಿನಲ್ಲಿ ಎಷ್ಟು ಜನರಿಗೆ ಖಿನ್ನತೆಯಿದೆ ಎಂಬಲ್ಲಿಂದ ಹೊರಟು, ದೇಶಕ್ಕೆ ಬಂದು, ರಾಜ್ಯಕ್ಕೆ ಇಳಿದು, ಹೊಸನಗರ ತಾಲ್ಲೂಕನ್ನು ಮುಟ್ಟುವಷ್ಟರಲ್ಲಿ ಹನ್ನೊಂದನೆಯ ಪುಟವಾಗಿತ್ತು. ಅದನ್ನು ಓದಿದ ದಾನಸಂಸ್ಥೆಯೊಂದರ ಅಧಿಕಾರಿ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿದರು: “ಶುಕ್ರವಾರ ಸಂಜೆ ಐದಕ್ಕೆ ಹಾಸ್ಟೆಲಿನ ಹುಡುಗಿಯೊಬ್ಬಳು ಬದುಕುವುದೇ ಬೇಡ ಅನ್ನಿಸುತ್ತದೆ ಎಂದು ನಿಮ್ಮ ಕಾರ್ಯಕರ್ತೆಗೆ ಹೇಳಿದರೆ, ಆಕೆ ಮೊದಲು ಯಾರಿಗೆ ಫೋನ್ ಮಾಡುತ್ತಾರೆ?” ನಮ್ಮಲ್ಲಿ ಉತ್ತರವಿರಲಿಲ್ಲ. ಹಣವೂ ಬರಲಿಲ್ಲ. ಬಾರದೇ ಇದ್ದದ್ದೇ ಒಳ್ಳೆಯದಾಯಿತು ಎಂದು ಈಗ ಅನ್ನಿಸುತ್ತದೆ.

ಮಕ್ಕಳ ಮಾನಸಿಕ ಆರೋಗ್ಯದ ಈ ಕ್ಷೇತ್ರದಲ್ಲಿ ಒಂದು ದಿನದ ಶಿಬಿರಕ್ಕೆ ಹಣ ಹೊಂದಿಸುವುದು ಸುಲಭ. ಬ್ಯಾನರ್, ಶಾಲು, ಹಾರ, ಊಟ, ಫೋಟೊ, ಎಲ್ಲಕ್ಕೂ ಪ್ರಾಯೋಜಕರು ಸಿಗುತ್ತಾರೆ. ಹದಿನೈದು ದಿನ ಬಿಟ್ಟು ಅದೇ ಶಾಲೆಗೆ ಮತ್ತೆ ಹೋಗಿ, ಹಿಂದಿನ ಸಲ ಮೂಲೆಯಲ್ಲಿ ಮಾತಿಲ್ಲದೆ ಕುಳಿತಿದ್ದ ಹುಡುಗನ ಪಕ್ಕದಲ್ಲಿ ಕೂರುವವರ ಸಂಬಳಕ್ಕೆ ಹಣ ಕೇಳಿದರೆ ಮಾತ್ರ ಎದುರಿನವರು ಗಡಿಯಾರ ನೋಡುತ್ತಾರೆ. ಹದಿಹರೆಯದ ಮಕ್ಕಳು ಬಾಯಿ ಬಿಡುವುದೋ ಮೂರನೆಯ ಭೇಟಿಯಲ್ಲಿ, ಕೆಲವೊಮ್ಮೆ ಹತ್ತನೆಯದರಲ್ಲಿ. ಆ ಸಂಬಳವನ್ನು ಸಂಕೋಚವಿಲ್ಲದೆ, ಲೆಕ್ಕ ಸಮೇತ ಕೇಳುವುದು ಹೇಗೆ ಎಂಬುದೇ ಮುಂದಿನ ಹೆಜ್ಜೆಗಳ ವಿಷಯ. ಶಿವಮೊಗ್ಗ ಜಿಲ್ಲೆಯ ಏಳು ತಾಲ್ಲೂಕುಗಳಲ್ಲಿ ಯಾವುದಾದರೂ ಒಂದರಲ್ಲಿ ಕೆಲಸ ಆರಂಭಿಸಲು ಹೊರಟ ಯುವಕ ಸಂಘ, ಮಹಿಳಾ ಸಂಘ, ನಿವೃತ್ತ ಶಿಕ್ಷಕರ ಗುಂಪು ಇಂಥವರನ್ನು ಮನಸ್ಸಿನಲ್ಲಿಟ್ಟು ಬರೆದಿದ್ದೇನೆ.

ಮೊದಲ ಹೆಜ್ಜೆ: ಹಣ ಕೇಳುವ ಮೊದಲು ಊರನ್ನು ಕೇಳಿ

ಒಂದು ತಿಂಗಳು ಅರ್ಜಿಯ ಗೊಡವೆಗೇ ಹೋಗಬೇಡಿ. ಐದಾರು ಪ್ರೌಢಶಾಲೆ, ಒಂದು ಪದವಿಪೂರ್ವ ಕಾಲೇಜು, ಒಂದೆರಡು ಹಾಸ್ಟೆಲುಗಳಿಗೆ ಹೋಗಿ ಮುಖ್ಯೋಪಾಧ್ಯಾಯರು, ವಾರ್ಡನ್‌ಗಳು, ಅಡುಗೆಯವರು, ಆಶಾ ಕಾರ್ಯಕರ್ತೆಯರ ಜೊತೆ ಕುಳಿತು ಮಾತನಾಡಿ. ಅಡುಗೆಯವರನ್ನು ಬಿಡಲೇಬೇಡಿ. ಯಾವ ಮಗು ಊಟ ಬಿಟ್ಟಿದೆ ಎಂಬುದು ಮೇಷ್ಟರಿಗಿಂತ ಮೊದಲು ಅವರಿಗೆ ಗೊತ್ತಿರುತ್ತದೆ.

ಮಲೆನಾಡಿನ ಕಷ್ಟಕ್ಕೆ ಅದರದೇ ಆಕಾರವಿದೆ, ಅರ್ಜಿಯಲ್ಲಿ ಅದು ಕಾಣಬೇಕು. ಇಲ್ಲಿ ಊರೆಂದರೆ ಸಾಲು ಮನೆಗಳಲ್ಲ. ತೋಟದ ತಲೆಯಲ್ಲೊಂದು, ಗುಡ್ಡದ ಆಚೆಗೊಂದು ಒಂಟಿ ಮನೆ. ಶಾಲೆಯಿಂದ ಬಂದ ಹುಡುಗಿಗೆ ಮಾತನಾಡಲು ಓರಗೆಯವರು ಎರಡು ಕಿಲೋಮೀಟರ್ ಆಚೆ ಇರುತ್ತಾರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಳ್ಳ ಏರಿದರೆ ಕಾಲುಸಂಕ ದಾಟುವಂತಿಲ್ಲ, ಕರೆಂಟಿಲ್ಲ, ಮೊಬೈಲ್ ಸಿಗ್ನಲ್ ಇಲ್ಲ. ಅಡಿಕೆಗೆ ಕೊಳೆರೋಗ ಬಂದ ವರ್ಷ, ಎಲೆಚುಕ್ಕಿ ಹಬ್ಬಿದ ವರ್ಷ ಮನೆಯ ಜಗಲಿಯಲ್ಲಿ ಮೂಡುವ ಮೌನ ಮಕ್ಕಳ ಪುಸ್ತಕದವರೆಗೂ ಬರುತ್ತದೆ. ಶರಾವತಿ ಹಿನ್ನೀರಿನ ತುಮರಿ ಕಡೆಯ ಊರುಗಳು 2025ರ ಜುಲೈನಲ್ಲಿ ಸೇತುವೆ ತೆರೆಯುವವರೆಗೂ ಲಾಂಚ್ ನಂಬಿಕೊಂಡೇ ಬದುಕಿದ್ದವು. ಸಂಜೆ ಲಾಂಚ್ ನಿಂತ ಮೇಲೆ ಆಸ್ಪತ್ರೆಯ ದಾರಿ ಎಷ್ಟು ಉದ್ದವಾಗುತ್ತಿತ್ತು ಎಂಬುದನ್ನು ಅಲ್ಲಿಯವರ ಬಾಯಿಂದಲೇ ಕೇಳಬೇಕು.

ಕೇಳಿಸಿಕೊಂಡದ್ದನ್ನು ಎರಡು ಪಟ್ಟಿ ಮಾಡಿ. ಒಂದರಲ್ಲಿ ಕಷ್ಟಗಳು. ಇನ್ನೊಂದರಲ್ಲಿ ಈಗಾಗಲೇ ಇರುವ ಆಸರೆಗಳು. ಹೊಸಬರು ಮರೆಯುವುದು ಈ ಎರಡನೆಯ ಪಟ್ಟಿಯನ್ನೇ. ಹಣ ಕೊಡುವವರು ಮೊದಲು ಹುಡುಕುವುದೂ ಅದನ್ನೇ.

ಎರಡನೆಯ ಹೆಜ್ಜೆ: ಶುಕ್ರವಾರ ಸಂಜೆಯ ದಾರಿಯನ್ನು ಗುರುತಿಸಿ

ನೀವು ವೈದ್ಯರಲ್ಲ, ಆಗುವ ಅಗತ್ಯವೂ ಇಲ್ಲ. ಮಗುವಿನಿಂದ ವೈದ್ಯರವರೆಗಿನ ದಾರಿ ಸವೆಸುವುದು ನಿಮ್ಮ ಕೆಲಸ. ದಾರಿಯಲ್ಲಿ ಯಾರು ಯಾರಿದ್ದಾರೆ ಎಂದು ಬರೆದಿಡಿ.

ಟೆಲಿ ಮಾನಸ್ ಸಹಾಯವಾಣಿ 14416. 2022ರ ಅಕ್ಟೋಬರ್ 10ರಂದು ಆರಂಭವಾದ ಕೇಂದ್ರ ಸರ್ಕಾರದ ಉಚಿತ ಸೇವೆಯಿದು. ಕನ್ನಡದಲ್ಲೇ, ಹಗಲೂ ರಾತ್ರಿ ಮಾತನಾಡಬಹುದು. ಹದಿನೆಂಟು ತುಂಬದ ಮಕ್ಕಳ ರಕ್ಷಣೆಗೆ 1098. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡ ಶಿವಮೊಗ್ಗದಲ್ಲಿದೆ, ಮೆಗ್ಗಾನ್ ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗವಿದೆ. ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರಗಳಂದು ಮನೋವೈದ್ಯರ ಸೇವೆ ಒದಗಿಸುವ ವ್ಯವಸ್ಥೆ ಮಾಡಲಾಗಿದೆ. ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರ ಎಂಬುದನ್ನು ಆಸ್ಪತ್ರೆಗೇ ಹೋಗಿ ಕೇಳಿ, ಬಂದ ವೈದ್ಯರನ್ನು ಕಂಡು ಬನ್ನಿ. ಹದಿಹರೆಯದವರಿಗಾಗಿ ಸ್ನೇಹಾ ಕ್ಲಿನಿಕ್‌ಗಳಿವೆ. ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆ ನಿಮ್ಹಾನ್ಸ್ ಜೊತೆಗೂಡಿ ಯುವಜನರಿಗೆ ಮಾರ್ಗದರ್ಶನ ನೀಡಲು ರೂಪಿಸಿದ ಯುವ ಸ್ಪಂದನ ಕಾರ್ಯಕ್ರಮ ಇದೆ. ಶಿವಮೊಗ್ಗಕ್ಕೆ ಮನೋವೈದ್ಯರನ್ನು ಹುಡುಕಿಕೊಂಡು ಹೋಗುವ ಅಭ್ಯಾಸ ಇಂದಿನದಲ್ಲ ಎಂಬುದೂ ನೆನಪಿರಲಿ: ಡಾ. ಅಶೋಕ ಪೈ ಅವರು ಇಲ್ಲಿಯೇ ಆಸ್ಪತ್ರೆ ಕಟ್ಟಿ, ಮನಸ್ಸಿನ ಕಾಯಿಲೆಯ ಬಗ್ಗೆ ಕನ್ನಡದಲ್ಲಿ ದಶಕಗಳ ಕಾಲ ಬರೆದರು. ನಮ್ಮ ತಾಯಂದಿರು “ಪೈ ಡಾಕ್ಟರ ಹತ್ತಿರ ಹೋಗಿ ಬಂದೆವು” ಎಂದು ದನಿ ತಗ್ಗಿಸಿ ಹೇಳುತ್ತಿದ್ದರು. ಹೋಗುವುದಂತೂ ಹೋಗುತ್ತಿದ್ದರು.

ಈ ಪಟ್ಟಿಯ ಪ್ರತಿ ಹೆಸರಿನ ಮುಂದೆ ಬಸ್ಸಿನ ಸಮಯ ಬರೆಯಿರಿ. ತಮಾಷೆಯಲ್ಲ. ಕೊನೆಯ ಬಸ್ ನಾಲ್ಕೂವರೆಗೆ ಹೊರಡುವ ಊರಿನಲ್ಲಿ ಐದು ಗಂಟೆಗೆ ಮಗು ಬಾಯಿಬಿಟ್ಟರೆ ಜೀಪಿನ ಬಾಡಿಗೆ ಯಾರು ಕೊಡುತ್ತಾರೆ? ಆ ಬಾಡಿಗೆ ನಿಮ್ಮ ಬಜೆಟ್ಟಿನಲ್ಲಿ ಒಂದು ಸಾಲಾಗಬೇಕು.

ಇಷ್ಟಾದ ಮೇಲೆ ಎರಡು ಅನುಮತಿಗಳಿಗೆ ಓಡಾಡಿ. ಪ್ರೌಢಶಾಲೆಗೆ ಕ್ಷೇತ್ರ ಶಿಕ್ಷಣಾಧಿಕಾರಿಯವರದು, ಕಾಲೇಜಿಗೆ ಪದವಿಪೂರ್ವ ಶಿಕ್ಷಣ ಇಲಾಖೆಯ ಉಪನಿರ್ದೇಶಕರದು. ಪತ್ರ ಕೈಗೆ ಬಂದಿದ್ದರೆ ಅರ್ಜಿಯ ತೂಕವೇ ಬೇರೆ.

ಮೂರನೆಯ ಹೆಜ್ಜೆ: ಕಾಗದಪತ್ರ

ನೀರಸವಾದ ಹೆಜ್ಜೆ, ಬೇಗ ಮುಗಿಸೋಣ. ಟ್ರಸ್ಟ್ ಆದರೆ ಉಪನೋಂದಣಾಧಿಕಾರಿ ಕಚೇರಿಯಲ್ಲಿ ಟ್ರಸ್ಟ್ ಪತ್ರ ನೋಂದಾಯಿಸಬೇಕು. ಸಂಘವಾದರೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಕನಿಷ್ಠ ಏಳು ಸದಸ್ಯರು ಬೇಕು. ಟ್ರಸ್ಟ್ ನಡೆಸುವುದು ಸರಳ. ಸಂಘದಲ್ಲಿ ಚುನಾವಣೆ, ಸರ್ವಸದಸ್ಯರ ಸಭೆ, ಜೊತೆಗೆ ಊರಿನ ರಾಜಕೀಯ ಉಚಿತ. ನಾನಂತೂ ಟ್ರಸ್ಟ್ ಕಡೆಗೆ ವಾಲುತ್ತೇನೆ, ಆದರೆ ಅದರಲ್ಲಿ ಒಂದೇ ಮನೆಯ ಮೂವರನ್ನು ಕೂರಿಸಬೇಡಿ. ದಾನಿಗಳು ಮೊದಲು ಓದುವುದು ಟ್ರಸ್ಟಿಗಳ ಹೆಸರಿನ ಪಟ್ಟಿಯನ್ನು.

ಆಮೇಲೆ ಪ್ಯಾನ್, ಬ್ಯಾಂಕ್ ಖಾತೆ, ನೀತಿ ಆಯೋಗದ ದರ್ಪಣ್ ಪೋರ್ಟಲ್‌ನಲ್ಲಿ ನೋಂದಣಿ. ಆದಾಯ ತೆರಿಗೆಯಲ್ಲಿ ಎರಡು: ಸಂಸ್ಥೆಯ ಆದಾಯಕ್ಕೆ ವಿನಾಯಿತಿ ಕೊಡುವ 12ಎ, ದಾನಿಗೆ ಕಡಿತ ಕೊಡುವ 80ಜಿ. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಬಂದು ಕಲಮುಗಳ ಸಂಖ್ಯೆ ಬದಲಾಗಿದ್ದರೂ ಎಲ್ಲರ ಬಾಯಲ್ಲಿ ಇರುವುದು ಹಳೆಯ ಹೆಸರೇ. ಹೊಸ ಸಂಸ್ಥೆಗೆ ಮೊದಲು ತಾತ್ಕಾಲಿಕ ನೋಂದಣಿ ಸಿಗುತ್ತದೆ. ಅದರ ಅವಧಿ ಮುಗಿಯುವ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಿಂದ ಗುರುತು ಮಾಡಿ. ಅದನ್ನು ಮರೆತು ವರ್ಷದ ಅನುದಾನವನ್ನೇ ಕಳೆದುಕೊಂಡ ಸಂಸ್ಥೆಗಳುಂಟು. ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ (ಸಿಎಸ್‌ಆರ್) ಹಣ ಬೇಕಾದರೆ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದಲ್ಲಿ ಸಿಎಸ್‌ಆರ್‌-1 ನಮೂನೆ ಸಲ್ಲಿಸಬೇಕು, 2021ರ ಏಪ್ರಿಲ್‌ನಿಂದ ಇದು ಕಡ್ಡಾಯ. ಇವೆಲ್ಲಕ್ಕೂ ಪಟ್ಟಣದ ಲೆಕ್ಕಪರಿಶೋಧಕರೊಬ್ಬರ ನೆರವು ಪಡೆಯಿರಿ, ಶುಲ್ಕವನ್ನು ಮೊದಲೇ ಮಾತನಾಡಿಕೊಳ್ಳಿ.

ಒಂದು ಒಳದಾರಿಯೂ ಇದೆ, ಅದು ತಪ್ಪಲ್ಲ. ಈಗಾಗಲೇ ಎಲ್ಲ ನೋಂದಣಿ ಇರುವ, ನೀವು ನಂಬುವ ಟ್ರಸ್ಟ್ ಒಂದಿದ್ದರೆ ಮೊದಲ ಎರಡು ವರ್ಷ ಅದರ ಯೋಜನೆಯಾಗಿ ಕೆಲಸ ಮಾಡಿ. ಬೇರೆ ಖಾತೆ, ಲಿಖಿತ ಒಪ್ಪಂದ, ಚೆಕ್ಕಿಗೆ ಎರಡು ಸಹಿ, ಈ ಮೂರು ಇರಲಿ. ಹೊಸ ಟ್ರಸ್ಟ್ ಹುಟ್ಟಿಸುವ ಉಮೇದಿನಲ್ಲಿ ಮಕ್ಕಳ ಒಂದು ಶೈಕ್ಷಣಿಕ ವರ್ಷ ಕಳೆಯುವುದಕ್ಕಿಂತ ಇದು ಮೇಲು.

ನಾಲ್ಕನೆಯ ಹೆಜ್ಜೆ: ಹಣ ಎಲ್ಲಿದೆ?

ಮೊದಲು ಮನೆಯ ಬಾವಿ, ಆಮೇಲೆ ದೂರದ ಹೊಳೆ.

ಮನೆಯ ಬಾವಿಯೆಂದರೆ ಊರಿನ ಹಣ. ದಾನಸಂಸ್ಥೆಗಳು “ನಿಮ್ಮ ಊರಿನವರು ಎಷ್ಟು ಕೊಟ್ಟಿದ್ದಾರೆ?” ಎಂದು ಕೇಳುವುದು ಮೊತ್ತಕ್ಕಾಗಿ ಅಲ್ಲ, ಊರು ನಿಮ್ಮನ್ನು ನಂಬಿದೆಯೇ ಎಂದು ತಿಳಿಯಲು. ಇಲ್ಲಿ ಸಮಯಜ್ಞಾನ ಮುಖ್ಯ. ಅಡಿಕೆ ಬೆಳೆಗಾರರ ಮನೆಯಲ್ಲಿ ಮಳೆಗಾಲದಲ್ಲಿ ದೇಣಿಗೆ ಕೇಳಬೇಡಿ. ಆಗ ಕೈಯಲ್ಲಿರುವುದು ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದ ಖರ್ಚಿನ ಚೀಟಿ ಮಾತ್ರ. ಕೊನೆಕೊಯ್ಲು ಮುಗಿದು, ಅಡಿಕೆ ಮಂಡಿಗೆ ಹೋಗಿ ಬಂದ ಮೇಲೆ, ಯುಗಾದಿಯ ಆಸುಪಾಸಿನಲ್ಲಿ ಹೋಗಿ. ಸಹಕಾರ ಸಂಘಗಳ ಸರ್ವಸದಸ್ಯರ ಸಭೆಗಳು ಆಗಸ್ಟ್, ಸೆಪ್ಟೆಂಬರ್‌ನಲ್ಲಿ ನಡೆಯುತ್ತವೆ. ಲಾಭದಲ್ಲಿ ಸಾರ್ವಜನಿಕ ಕೆಲಸಕ್ಕೆ ಪಾಲು ತೆಗೆದಿಡುವ ರೂಢಿ ಅನೇಕ ಸಂಘಗಳಲ್ಲಿದೆ. ಸಭೆಗೆ ತಿಂಗಳಿರುವಾಗಲೇ ಅಧ್ಯಕ್ಷರಿಗೂ ಕಾರ್ಯದರ್ಶಿಗೂ ಪತ್ರ ತಲುಪಿರಲಿ. ದೇವಸ್ಥಾನದ ಸಮಿತಿ, ಪ್ರೌಢಶಾಲೆಯ ಹಳೆಯ ವಿದ್ಯಾರ್ಥಿಗಳು, ಬೆಂಗಳೂರಿನಲ್ಲಿ ನೆಲೆಸಿ ವರ್ಷಕ್ಕೊಮ್ಮೆ ಊರಿನ ಹಬ್ಬಕ್ಕೆ ಬರುವವರು ಎಲ್ಲರೂ ಈ ಬಾವಿಯ ಸೆಲೆಗಳೇ. ತಂದೆ ತಾಯಿಯ ನೆನಪಿಗೆ ಏನಾದರೂ ಮಾಡಬೇಕೆಂದಿರುವವರಿಗೆ ಶಾಲೆಗೆ ಗಡಿಯಾರ, ಕುರ್ಚಿ ಕೊಡುವುದರ ಬದಲು “ನಿಮ್ಮ ತಾಯಿಯ ಹೆಸರಿನಲ್ಲಿ ಒಂದು ಶಾಲೆಗೆ ಒಂದು ವರ್ಷದ ಸಮಾಲೋಚಕಿ” ಎಂದು ಹೇಳಿ ನೋಡಿ. ನಮ್ಮಲ್ಲಿ ಹೀಗೆ ಕೇಳಿದ ಮೊದಲ ಮನೆಯಲ್ಲೇ ಒಪ್ಪಿದರು. ಆ ಅಮ್ಮ ಶಿಕ್ಷಕಿಯಾಗಿದ್ದವರು ಎಂಬುದು ಆಮೇಲೆ ತಿಳಿಯಿತು.

ಎರಡು ಎಚ್ಚರಿಕೆ. 2,000 ರೂಪಾಯಿಗಿಂತ ಹೆಚ್ಚಿನ ನಗದು ದೇಣಿಗೆಗೆ 80ಜಿ ಕಡಿತ ಸಿಗುವುದಿಲ್ಲ, ಆದ್ದರಿಂದ ಚೆಕ್ ಅಥವಾ ಬ್ಯಾಂಕ್ ವರ್ಗಾವಣೆ ಕೇಳಿ. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡ ಸಂಬಳದಾರರಿಗೆ ಈ ಕಡಿತವೇ ಇಲ್ಲ. ತೆರಿಗೆ ಉಳಿಯುತ್ತದೆ ಎಂಬ ಮಾತನ್ನು ಎಲ್ಲರ ಮುಂದೂ ಆಡಿ ನಗೆಪಾಟಲಾಗಬೇಡಿ.

ಎರಡನೆಯದು ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ ಹಣ, ಎಲ್ಲರೂ ಸಿಎಸ್‌ಆರ್ ಎನ್ನುವುದು. 2013ರ ಕಂಪನಿ ಕಾಯ್ದೆಯ 135ನೆಯ ಕಲಮಿನ ಪ್ರಕಾರ, ಹಿಂದಿನ ವರ್ಷದಲ್ಲಿ 500 ಕೋಟಿ ರೂಪಾಯಿ ನಿವ್ವಳ ಮೌಲ್ಯ, 1,000 ಕೋಟಿ ವಹಿವಾಟು ಅಥವಾ 5 ಕೋಟಿ ನಿವ್ವಳ ಲಾಭ, ಈ ಮೂರರಲ್ಲಿ ಒಂದನ್ನು ಮುಟ್ಟಿದ ಕಂಪನಿ ತನ್ನ ಮೂರು ವರ್ಷಗಳ ಸರಾಸರಿ ಲಾಭದ ಶೇ 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕು. ಕಾಯ್ದೆಯ ಏಳನೆಯ ಅನುಸೂಚಿಯಲ್ಲಿ ಆರೋಗ್ಯ ರಕ್ಷಣೆ, ರೋಗ ತಡೆ, ಶಿಕ್ಷಣ ಇವೆ. ಮಕ್ಕಳ ಮನಸ್ಸಿನ ಕೆಲಸ ಅದರೊಳಗೆ ಕೂರುತ್ತದೆ. ಕಂಪನಿ ತಾನಿರುವ ಪ್ರದೇಶಕ್ಕೆ ಆದ್ಯತೆ ಕೊಡಬೇಕೆಂದು ಕಾಯ್ದೆಯೇ ಹೇಳುತ್ತದೆ. ಆದ್ದರಿಂದ ಮುಂಬೈಗೆ ಪತ್ರ ಬರೆಯುವ ಮೊದಲು ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ಒಂದು ಸುತ್ತು ಹಾಕಿ. ಜಿಲ್ಲೆಯಲ್ಲಿ ಶಾಖೆಯಿರುವ ಬ್ಯಾಂಕು, ಘಟಕವಿರುವ ಕಾರ್ಖಾನೆಗಳನ್ನು ಪಟ್ಟಿ ಮಾಡಿ. ಯಾವ ಕಂಪನಿ ಯಾವ ಜಿಲ್ಲೆಯಲ್ಲಿ ಎಷ್ಟು ಖರ್ಚು ಮಾಡಿದೆ ಎಂಬುದು ರಾಷ್ಟ್ರೀಯ ಸಿಎಸ್‌ಆರ್ ಪೋರ್ಟಲ್‌ನಲ್ಲಿ ಯಾರಿಗೂ ಸಿಗುತ್ತದೆ. ಒಂದು ತೊಡಕಿದೆ. ಕಂಪನಿ ಅಥವಾ ಸರ್ಕಾರ ಸ್ಥಾಪಿಸಿರದ ಸಂಸ್ಥೆಗೆ ಇಂಥದೇ ಕೆಲಸದಲ್ಲಿ ಕನಿಷ್ಠ ಮೂರು ವರ್ಷದ ಅನುಭವ ಇರಬೇಕು ಎಂಬ ನಿಯಮ. ಮೇಲೆ ಹೇಳಿದ ಒಳದಾರಿ ಇಲ್ಲಿ ನೆರವಿಗೆ ಬರುತ್ತದೆ.

ಮೂರನೆಯದು ದಾನಸಂಸ್ಥೆಗಳು. ಬೆಂಗಳೂರಿನ ಅಜೀಂ ಪ್ರೇಮ್‌ಜಿ ಫೌಂಡೇಶನ್ ಸ್ವಯಂಸೇವಾ ಸಂಸ್ಥೆಗಳಿಗೆ ಅನುದಾನ ಕೊಡುತ್ತದೆ. ಮುಂಬೈಯ ಮಾರಿವಾಲಾ ಹೆಲ್ತ್ ಇನಿಶಿಯೇಟಿವ್ ಮಾನಸಿಕ ಆರೋಗ್ಯಕ್ಕೆಂದೇ ಇರುವ ನಿಧಿ. ಅಂಚಿನಲ್ಲಿರುವ ಸಮುದಾಯಗಳ ನಡುವಿನ ಕೆಲಸಕ್ಕೆ ಒತ್ತು ಕೊಡುತ್ತದೆ. ದೀಪಿಕಾ ಪಡುಕೋಣೆ 2015ರಲ್ಲಿ ಸ್ಥಾಪಿಸಿದ ಲಿವ್ ಲವ್ ಲಾಫ್ ಫೌಂಡೇಶನ್ ತನ್ನ ಗ್ರಾಮೀಣ ಕಾರ್ಯಕ್ರಮವನ್ನು 2016ರಲ್ಲಿ ಆರಂಭಿಸಿದ್ದು ನಮ್ಮ ನೆರೆಯ ದಾವಣಗೆರೆ ಜಿಲ್ಲೆಯಲ್ಲಿ, ಸ್ಥಳೀಯವಾಗಿ ಕೆಲಸ ಮಾಡುವ ಸಂಸ್ಥೆಯ ಜೊತೆಗೂಡಿ. ಅರ್ಜಿ ಹಾಕುವ ಮೊದಲು ಅಲ್ಲಿಗೆ ಬಸ್ ಹತ್ತಿ, ಕೆಲಸ ನೋಡಿ ಬನ್ನಿ. ಒಂದು ದಿನದ ಆ ಪ್ರಯಾಣ ಹತ್ತು ವೆಬಿನಾರ್‌ಗಳಿಗೆ ಸಮ.

ವಿದೇಶಿ ಹಣದ ಆಸೆ ಈಗಲೇ ಬೇಡ. 2010ರ ವಿದೇಶಿ ದೇಣಿಗೆ ಕಾಯ್ದೆಯಡಿ ನೋಂದಣಿಗೆ ಸಂಸ್ಥೆಗೆ ಮೂರು ವರ್ಷ ತುಂಬಿರಬೇಕು, ಆ ಮೂರು ವರ್ಷಗಳಲ್ಲಿ ಮುಖ್ಯ ಕೆಲಸಕ್ಕೆ 15 ಲಕ್ಷ ರೂಪಾಯಿಯಾದರೂ ಖರ್ಚಾಗಿರಬೇಕು. 2020ರ ತಿದ್ದುಪಡಿಯ ನಂತರ, ಆ ಹಣ ಪಡೆದ ದೊಡ್ಡ ಸಂಸ್ಥೆ ಅದನ್ನು ನಿಮಗೆ ದಾಟಿಸುವಂತೆಯೂ ಇಲ್ಲ. “ಅಮೆರಿಕದಲ್ಲಿರುವ ನನ್ನ ಅಣ್ಣನ ಗೆಳೆಯರು ಕಳಿಸುತ್ತಾರೆ” ಎಂದು ಯಾರಾದರೂ ಉತ್ಸಾಹ ತೋರಿದರೆ, ಮೊದಲು ಲೆಕ್ಕಪರಿಶೋಧಕರನ್ನು ಕೇಳಿ, ಆಮೇಲೆ ಖಾತೆಯ ಸಂಖ್ಯೆ ಕೊಡಿ.

ಐದನೆಯ ಹೆಜ್ಜೆ: ಎರಡು ಪುಟದ ಟಿಪ್ಪಣಿ

ಹದಿನಾಲ್ಕು ಪುಟ ಬರೆದು ಕೈಸುಟ್ಟುಕೊಂಡವನ ಮಾತು: ಮೊದಲು ಎರಡೇ ಪುಟ ಬರೆಯಿರಿ, ಕನ್ನಡದಲ್ಲೇ ಬರೆಯಿರಿ. ಬಹಳಷ್ಟು ನಿಧಿಗಳು ಇಂಗ್ಲಿಷ್ ಕೇಳುತ್ತವೆ, ಅನುವಾದ ಆಮೇಲೆ ಆಗಲಿ. ಮೊದಲೇ ಇಂಗ್ಲಿಷಿನಲ್ಲಿ ಕುಳಿತರೆ ಕೈ ತಾನಾಗಿ ದೊಡ್ಡ ಪದಗಳತ್ತ ಹೋಗುತ್ತದೆ.

ನಾವು ಮೊದಲು ಬರೆದದ್ದು ಹೀಗಿತ್ತು: “ಮಲೆನಾಡಿನ ಯುವಜನತೆಯಲ್ಲಿ ಮಾನಸಿಕ ಆರೋಗ್ಯದ ಅರಿವು ಮೂಡಿಸಿ ಅವರನ್ನು ಸಬಲರನ್ನಾಗಿಸುವುದು ನಮ್ಮ ಧ್ಯೇಯ.” ಈ ವಾಕ್ಯವನ್ನು ಯಾವ ಜಿಲ್ಲೆಯ ಹೆಸರು ಹಾಕಿ ಓದಿದರೂ ನಡೆಯುತ್ತದೆ. ಎರಡನೆಯ ಸಲ ಬರೆದದ್ದು ಹೀಗೆ:

“ತಾಲ್ಲೂಕಿನ ಹತ್ತು ಸರ್ಕಾರಿ ಪ್ರೌಢಶಾಲೆಗಳಿಗೆ ನಮ್ಮ ಆಪ್ತಸಮಾಲೋಚಕಿ ಮತ್ತು ಇಬ್ಬರು ಕಾರ್ಯಕರ್ತೆಯರು ಹದಿನೈದು ದಿನಕ್ಕೊಮ್ಮೆ, ನಿಗದಿಯಾದ ವಾರ, ನಿಗದಿಯಾದ ಹೊತ್ತಿಗೆ ಹೋಗುತ್ತಾರೆ. ಒಂದು ಅವಧಿ ತರಗತಿಯಲ್ಲಿ ಜೀವನ ಕೌಶಲದ ಚಟುವಟಿಕೆ, ಆಮೇಲೆ ಎರಡು ಗಂಟೆ ಯಾರು ಬೇಕಾದರೂ ಬಂದು ಮಾತನಾಡಬಹುದಾದ ಹೊತ್ತು. ಹೆಚ್ಚಿನ ನೆರವು ಬೇಕಾದ ಮಗುವನ್ನು ಪೋಷಕರ ಒಪ್ಪಿಗೆಯೊಂದಿಗೆ ತಾಲ್ಲೂಕು ಆಸ್ಪತ್ರೆಯ ಮಂಗಳವಾರದ ಚಿಕಿತ್ಸೆಗೆ ನಾವೇ ಕರೆದೊಯ್ಯುತ್ತೇವೆ. ಮಳೆರಜೆಯಲ್ಲಿ ಭೇಟಿ ತಪ್ಪಿದರೆ ಮುಂದಿನ ಹತ್ತು ದಿನಗಳೊಳಗೆ ತುಂಬಿಕೊಡುತ್ತೇವೆ.”

ಅಂಕಿ ಅಂಶ ಬೇಕಾದರೆ ಒಂದೋ ಎರಡೋ ಸಾಕು. ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ 13ರಿಂದ 17 ವರ್ಷದವರಲ್ಲಿ ಶೇ 7.3ರಷ್ಟು ಮಂದಿಗೆ ಮಾನಸಿಕ ಸಮಸ್ಯೆ ಕಂಡುಬಂದಿತ್ತು. ಆ ಸಮೀಕ್ಷೆ ನಡೆದ 12 ರಾಜ್ಯಗಳಲ್ಲಿ ಕರ್ನಾಟಕ ಇರಲಿಲ್ಲ, ಆದ್ದರಿಂದ ಅದನ್ನು ನಿಮ್ಮ ತಾಲ್ಲೂಕಿನ ಸಂಖ್ಯೆಯೆಂದು ಬರೆಯಬೇಡಿ. ತಜ್ಞರಲ್ಲದವರು ಈ ಕೆಲಸ ಮಾಡಬಲ್ಲರೇ ಎಂಬ ಅನುಮಾನಕ್ಕೆ ನಮ್ಮ ರಾಜ್ಯದ್ದೇ ಉತ್ತರವಿದೆ: 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು, ಸಿಬ್ಬಂದಿಗೆ ತರಬೇತಿ ಕೊಟ್ಟು ಮಾಡಿ ತೋರಿಸಿದ ಮಾದರಿಯ ಮೇಲೆಯೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಹುಟ್ಟಿತು.

ಶಾಲೆ ಬಿಟ್ಟ ಹುಡುಗರಿಗೂ ಒಂದು ಪ್ಯಾರಾ ಇಡಿ. ಅವರು “ಮಾನಸಿಕ ಆರೋಗ್ಯ” ಎಂಬ ಬೋರ್ಡಿನ ಕೆಳಗೆ ಬರುವುದಿಲ್ಲ. ವಾಲಿಬಾಲ್ ಅಂಕಣಕ್ಕೆ ಬರುತ್ತಾರೆ, ನಾಟಕದ ತಾಲೀಮಿಗೆ ಬರುತ್ತಾರೆ, ಗ್ರಾಮ ಪಂಚಾಯಿತಿಯ ಅರಿವು ಕೇಂದ್ರಕ್ಕೆ ವೈಫೈಗಾಗಿ ಬರುತ್ತಾರೆ. 1949ರಲ್ಲಿ ನೀನಾಸಂ ಹುಟ್ಟಿದ ಹೆಗ್ಗೋಡಿನ ಸೀಮೆಯಲ್ಲಿ ನಾಟಕದ ಹೆಸರಿನಲ್ಲಿ ಜನ ಸೇರಿಸುವುದನ್ನು ಯಾರಿಗೂ ಹೇಳಿಕೊಡಬೇಕಿಲ್ಲ. ತಾಲೀಮಿನ ನಂತರದ ಚಹಾದ ಹೊತ್ತಿಗೆ ನಿಮ್ಮ ತರಬೇತಾದ ಕಾರ್ಯಕರ್ತ ಅಲ್ಲಿರಬೇಕು, ಅಷ್ಟೇ. ಆ ಚಹಾದ ಖರ್ಚನ್ನೂ ಬರೆಯಿರಿ.

ಆರನೆಯ ಹೆಜ್ಜೆ: ಬಜೆಟ್

ಹತ್ತು ಶಾಲೆ, ಒಂದು ವರ್ಷ. ಮಾದರಿಗೆ ಒಂದು ಲೆಕ್ಕ ಕೊಡುತ್ತೇನೆ. ದರಗಳನ್ನು ನಿಮ್ಮ ತಾಲ್ಲೂಕಿಗೆ ತಕ್ಕಂತೆ ಬದಲಿಸಿಕೊಳ್ಳಿ.

- ಆಪ್ತಸಮಾಲೋಚಕಿ ಒಬ್ಬರು, ತಿಂಗಳಿಗೆ 28,000: ವರ್ಷಕ್ಕೆ 3,36,000
- ಕಾರ್ಯಕರ್ತೆಯರು ಇಬ್ಬರು, ತಲಾ 15,000: 3,60,000
- ಮೂವರ ಪ್ರಯಾಣ, ತಲಾ ತಿಂಗಳಿಗೆ 4,000: 1,44,000
- ಮನೋವೈದ್ಯರು ಅಥವಾ ಚಿಕಿತ್ಸಾ ಮನಶ್ಶಾಸ್ತ್ರಜ್ಞರಿಂದ ತಿಂಗಳಿಗೆ ಎರಡು ಮೇಲ್ವಿಚಾರಣಾ ಸಭೆ, ಸಭೆಗೆ 3,000: 72,000
- ಇಪ್ಪತ್ತು ಶಿಕ್ಷಕರಿಗೆ ನಾಲ್ಕು ದಿನದ ತರಬೇತಿ, ತಲಾ ದಿನಕ್ಕೆ 800: 64,000
- ಪುಸ್ತಕ, ಚಟುವಟಿಕೆ ಸಾಮಗ್ರಿ: 40,000
- ತುರ್ತು ವಾಹನ, ಔಷಧ: 50,000
- ಕಚೇರಿ, ಲೆಕ್ಕ, ಲೆಕ್ಕಪರಿಶೋಧನೆ: 1,00,000

ಒಟ್ಟು 11,66,000 ರೂಪಾಯಿ. ಹತ್ತಿರ ಹತ್ತಿರ 12 ಲಕ್ಷದ ಈ ಲೆಕ್ಕದಲ್ಲಿ ಮೊದಲೆರಡು ಸಾಲುಗಳೇ ಶೇ 60ರಷ್ಟಾದವು. “ಸಂಬಳಕ್ಕೇ ಇಷ್ಟೊಂದೇ?” ಎಂದು ಸಭೆಯಲ್ಲಿ ಒಬ್ಬರಾದರೂ ಕೇಳುತ್ತಾರೆ. ಹೌದು ಎನ್ನಿ. ಈ ಕೆಲಸದಲ್ಲಿ ಕಟ್ಟಡವಿಲ್ಲ, ಯಂತ್ರವಿಲ್ಲ, ಮನುಷ್ಯರೇ ಸಾಮಗ್ರಿ. ಆ ಪ್ರಶ್ನೆಗೆ ಹೆದರಿ ಸಂಬಳವನ್ನು “ಗೌರವಧನ” ಮಾಡಿ 6,000ಕ್ಕೆ ಇಳಿಸಿದರೆ, ಕಾರ್ಯಕರ್ತೆ ನವೆಂಬರ್‌ನಲ್ಲಿ ಅಡಿಕೆ ಸುಲಿಯಲು ಹೋಗುತ್ತಾರೆ. ಅಲ್ಲಿ ಅದಕ್ಕಿಂತ ಹೆಚ್ಚು ಸಿಗುತ್ತದೆ, ಹೋದದ್ದು ಅವರ ತಪ್ಪೂ ಅಲ್ಲ.

ದಾನಿ ಮೊತ್ತ ಇಳಿಸಿ ಎಂದರೆ ಶಾಲೆಗಳನ್ನು ಹತ್ತರಿಂದ ಆರಕ್ಕೆ ಇಳಿಸಿ. ಮೇಲ್ವಿಚಾರಣೆಯ ಸಾಲಿಗೆ ಕೈಹಾಕಬೇಡಿ. ದಿನವಿಡೀ ಮಕ್ಕಳ ದುಃಖ ಕೇಳಿದವರು ಅದನ್ನು ಇಳಿಸಲು ಇನ್ನೊಬ್ಬರ ಎದುರು ಕೂರಲೇಬೇಕು, ತಪ್ಪು ಸಲಹೆ ಕೊಟ್ಟಿದ್ದರೆ ತಿದ್ದುವವರೂ ಬೇಕು.

ಏಳನೆಯ ಹೆಜ್ಜೆ: ಮಗುವಿನ ಸುರಕ್ಷತೆಯ ಒಂದು ಪುಟ

ಇದನ್ನು ಕೇಳದಿದ್ದರೂ ಅರ್ಜಿಗೆ ಲಗತ್ತಿಸಿ. ಯಾರೂ ರೋಗದ ಹೆಸರು ಹೇಳುವುದಿಲ್ಲ, ಔಷಧ ಸೂಚಿಸುವುದಿಲ್ಲ. ಮಗು ಹೇಳಿದ್ದು ಸ್ಟಾಫ್ ರೂಮಿಗೆ ಹೋಗುವುದಿಲ್ಲ. ಆದರೆ ಜೀವಕ್ಕೆ ಅಪಾಯವಿದ್ದರೆ ಅಥವಾ ಲೈಂಗಿಕ ದೌರ್ಜನ್ಯದ ವಿಷಯವಾದರೆ ಗುಟ್ಟು ಉಳಿಯುವುದಿಲ್ಲ ಎಂಬುದನ್ನು ಮೊದಲ ಭೇಟಿಯಲ್ಲೇ ಮಗುವಿಗೆ ಹೇಳಬೇಕು. 2012ರ ಪೋಕ್ಸೊ ಕಾಯ್ದೆಯಡಿ ದೌರ್ಜನ್ಯವನ್ನು ವರದಿ ಮಾಡುವುದು ಕಡ್ಡಾಯ. ಮಗುವನ್ನು ಒಬ್ಬರೇ ಮುಚ್ಚಿದ ಕೋಣೆಯಲ್ಲಿ ಕಾಣುವಂತಿಲ್ಲ. ಕಣ್ಣಿಗೆ ಬೀಳುವ, ಕಿವಿಗೆ ಬೀಳದ ಜಾಗ ಬೇಕು. ಶಾಲೆಯ ಮಾವಿನ ಮರದ ಕಟ್ಟೆಗಿಂತ ಒಳ್ಳೆಯ ಜಾಗ ನನಗೆ ಸಿಕ್ಕಿಲ್ಲ, ಮಳೆಗಾಲ ಒಂದನ್ನು ಬಿಟ್ಟು.

ನೆರವು ಪಡೆದ ಮಗುವಿನ ಫೋಟೊ ಬೇಡ, ಮುಖ ಮಸುಕು ಮಾಡಿಯೂ ಬೇಡ. ಸಣ್ಣ ಊರಿನಲ್ಲಿ ಚೀಲ ನೋಡಿಯೇ ಯಾರ ಮಗು ಎಂದು ಹೇಳುತ್ತಾರೆ. ಫೋಟೊ ಕೇಳುವ ದಾನಿಗೆ ಕಟ್ಟೆಯ ಫೋಟೊ ಕಳಿಸಿ.

ಕೊನೆಯಲ್ಲಿ ಶುಕ್ರವಾರ ಸಂಜೆಯ ಹಾಳೆ: ಮೊದಲು ಯಾರಿಗೆ ಫೋನ್, ಅವರು ಎತ್ತದಿದ್ದರೆ ಯಾರಿಗೆ, ಮಗುವಿನ ಜೊತೆ ಯಾರು ಕೂರುತ್ತಾರೆ, ಪೋಷಕರಿಗೆ ಯಾರು ಹೇಳುತ್ತಾರೆ, ಜೀಪು ಯಾರದು. ಎರಡನೆಯ ಅರ್ಜಿಯ ಸಂದರ್ಶನದಲ್ಲಿ ಅತಿ ಹೆಚ್ಚು ಹೊತ್ತು ಮಾತು ನಡೆದದ್ದು ಈ ಹಾಳೆಯ ಮೇಲೆಯೇ.

ಎಂಟನೆಯ ಹೆಜ್ಜೆ: ಏನನ್ನು ಎಣಿಸುತ್ತೀರಿ?

“ಆತ್ಮಹತ್ಯೆಯ ಪ್ರಮಾಣ ಇಳಿಸುತ್ತೇವೆ” ಎಂದು ಎಂದೂ ಮಾತು ಕೊಡಬೇಡಿ. ಒಂದು ತಾಲ್ಲೂಕಿನ ಸಣ್ಣ ಸಂಖ್ಯೆಯಲ್ಲಿ ವರ್ಷದಿಂದ ವರ್ಷಕ್ಕೆ ಆಗುವ ಏರಿಳಿತದಿಂದ ನಿಮ್ಮ ಕೆಲಸವನ್ನು ಅಳೆಯಲಾಗದು. ನಿಮ್ಮ ಕೈಯಲ್ಲಿರುವುದನ್ನು ಎಣಿಸಿ: ನಿಗದಿಯಾದ ಭೇಟಿಗಳಲ್ಲಿ ಎಷ್ಟು ನಡೆದವು, ತಾವಾಗಿ ಮಾತನಾಡಲು ಬಂದವರೆಷ್ಟು, ಆಸ್ಪತ್ರೆಗೆ ಹೋಗಿ ಎಂದವರಲ್ಲಿ ನಿಜಕ್ಕೂ ತಲುಪಿದವರೆಷ್ಟು, ಎರಡನೆಯ ಸಲ ಹೋದವರೆಷ್ಟು. ಮಕ್ಕಳ ಭಾವನೆ, ವರ್ತನೆಯ ಬಗ್ಗೆ ಕೇಳುವ 25 ಪ್ರಶ್ನೆಗಳ ಎಸ್‌ಡಿಕ್ಯೂ ಪ್ರಶ್ನಾವಳಿ ಕನ್ನಡದಲ್ಲೂ ಇದೆ. ವರ್ಷದ ಆರಂಭದಲ್ಲಿ, ಕೊನೆಯಲ್ಲಿ ಬಳಸಬಹುದು, ಆದರೆ ಅದು ಜರಡಿ ಮಾತ್ರ, ರೋಗನಿರ್ಣಯವಲ್ಲ.

ಮೊದಲ ವರ್ಷ ನೆರವು ಕೇಳಿ ಬರುವ ಮಕ್ಕಳ ಸಂಖ್ಯೆ ಏರುತ್ತದೆ. ಇದು ಕೆಲಸ ನಡೆಯುತ್ತಿರುವ ಗುರುತು ಎಂದು ಒಪ್ಪಂದಕ್ಕೆ ಸಹಿ ಹಾಕುವ ಮೊದಲೇ ದಾನಿಗೆ ಹೇಳಿಡಿ. ಇಲ್ಲದಿದ್ದರೆ “ನೀವು ಬಂದ ಮೇಲೆ ಸಮಸ್ಯೆ ಹೆಚ್ಚಾಯಿತಲ್ಲ” ಎಂಬ ಮಾತು ಕೇಳಬೇಕಾಗುತ್ತದೆ. ನಾವು ಕೇಳಿದ್ದೇವೆ.

ಒಂಬತ್ತನೆಯ ಹೆಜ್ಜೆ: ಹಣ ಬಂದ ಮೇಲೆ, ಹಣ ನಿಲ್ಲುವ ಮೊದಲು

ಹಣ ಕಂತಿನಲ್ಲಿ ಬರುತ್ತದೆ, ಕಂತು ತಡವಾಗಿ ಬರುತ್ತದೆ. ಊರಿನಲ್ಲಿ ಸಂಗ್ರಹಿಸಿದ ಹಣವನ್ನು ಖರ್ಚು ಮಾಡದೆ ಮೂರು ತಿಂಗಳ ಸಂಬಳವಾಗಿ ಬೇರೆ ಇಡಿ. ಮನೆಯ ಬಾವಿಯನ್ನು ಮೊದಲು ತೋಡಲು ಹೇಳಿದ್ದು ಇದಕ್ಕೇ. ಪ್ರತಿ ಯೋಜನೆಗೆ ಬೇರೆ ಲೆಕ್ಕದ ಪುಸ್ತಕ ಬೇಕು. ಬಸ್ ಟಿಕೆಟ್‌ಗಳನ್ನು ಅಂಟಿಸಿ ಇಡಿ, ಮಳೆಗಾಲದಲ್ಲಿ ಅವುಗಳ ಶಾಯಿ ಮಾಸುವ ಮೊದಲು ಮೊಬೈಲಿನಲ್ಲಿ ಚಿತ್ರ ತೆಗೆದುಕೊಳ್ಳಿ. ಹಣ ಬಳಕೆಯ ಪ್ರಮಾಣಪತ್ರ ಕೇಳುವ ಮೊದಲೇ ಕಳಿಸಿ. ದಾನಿಗಳ ವಿವರ ಪಟ್ಟಿಯನ್ನು ಪ್ರತಿ ವರ್ಷ ಮೇ 31ರೊಳಗೆ ಆದಾಯ ತೆರಿಗೆ ಇಲಾಖೆಗೆ ಸಲ್ಲಿಸಬೇಕು. ಕಾರ್ಯಕರ್ತೆ ಬಿಟ್ಟುಹೋದರೆ, ಭೇಟಿಗಳು ತಪ್ಪಿದರೆ ಅದೇ ವಾರ ದಾನಿಗೆ ಫೋನ್ ಮಾಡಿ. ವಾರ್ಷಿಕ ವರದಿಯಲ್ಲಿ ಅಡಗಿಸಿಡಬೇಡಿ.

ಮುಂದಿನ ವರ್ಷದ ಮಾತನ್ನು ಅಕ್ಟೋಬರ್‌ನಲ್ಲೇ ಆರಂಭಿಸಿ. ಕಂಪನಿಗಳು ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ಲೆಕ್ಕದಲ್ಲಿ ನಡೆಯುತ್ತವೆ, ಶಾಲೆಗಳು ಜೂನ್‌ನಿಂದ. ನಡುವಿನ ಎರಡು ತಿಂಗಳಲ್ಲಿ ಪರೀಕ್ಷೆ, ಫಲಿತಾಂಶ ಎರಡೂ ಬರುತ್ತವೆ. ಮಕ್ಕಳಿಗೆ ಅತಿ ಕಷ್ಟದ ಆ ಹೊತ್ತಿನಲ್ಲೇ ಸಂಬಳವಿಲ್ಲದ ಖಾಲಿ ತಿಂಗಳುಗಳು ಬೀಳುತ್ತವೆ. ಒಪ್ಪಂದವನ್ನು ಮೇ ಕೊನೆಯವರೆಗೆ ಬರೆಸಿಕೊಳ್ಳಿ. ಫಲಿತಾಂಶದ ವಾರ ಫೋನ್ ಎತ್ತಲು ಒಬ್ಬರಾದರೂ ಸಂಬಳದಲ್ಲಿರಬೇಕು.

ಹಣ ನಿಲ್ಲುತ್ತದೆ ಎಂದು ಖಚಿತವಾದರೆ ಕನಿಷ್ಠ ನಾಲ್ಕು ಭೇಟಿ ಮೊದಲೇ ಮಕ್ಕಳಿಗೆ ತಿಳಿಸಿ, ಪ್ರತಿ ಶಾಲೆಯಲ್ಲಿ ತರಬೇತಾದ ಇಬ್ಬರು ಶಿಕ್ಷಕರ ಕೈಗೆ ಫೋನ್ ಸಂಖ್ಯೆಗಳ ಹಾಳೆ ಒಪ್ಪಿಸಿ. ಆಸ್ಪತ್ರೆಗೆ ಹೋಗುತ್ತಿರುವ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಜಿಲ್ಲಾ ತಂಡಕ್ಕೆ ಪರಿಚಯಿಸಿ ಬನ್ನಿ. ಮುಂದುವರಿಯುವುದಾದರೆ, ಜೂನ್‌ನಲ್ಲಿ ಹೊಸದಾಗಿ ಎಂಟನೆಯ ತರಗತಿಗೆ ಬಂದ ಮಕ್ಕಳ ಮುಂದೆ ನಿಂತು “ಹದಿನೈದು ದಿನ ಬಿಟ್ಟು ಮತ್ತೆ ಬರುತ್ತೇನೆ” ಎಂದು ಹೇಳುವ ಮೊದಲು, ಮುಂದಿನ ಕಂತು ಖಾತೆಗೆ ಜಮಾ ಆಗಿದೆಯೇ ಎಂದು ಪಾಸ್‌ಬುಕ್ ನೋಡಿಕೊಂಡು ಹೋಗಿ.